ಬಲಗಡೆ ಸತ್ತಿದೆ ಎಂದವರು

ಆಗ ನನಗೆ ಐವತ್ತೊಂಬತ್ತು. ಇದು ಹನ್ನೊಂದು ವರ್ಷದ ಹಿಂದಿನ ಮಾತು. ಜಯನಗರದ ನಾಲ್ಕನೇ ಬ್ಲಾಕಿನ ಒಂದು ಮನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಗುಡಿಸಿ ಒರೆಸುವುದು, ಪಾತ್ರೆ, ಭಾನುವಾರ ಜನ ಬಂದರೆ ಕಾಫಿ. ಆ ಮನೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಅವರ ಹೆಂಡತಿ ಫೋನು ಮಾಡಿ ಹೇಳಿದರು. ಶಿವಗಣಾರಾಧನೆಯ ದಿನ ಹೋಗಿದ್ದೆ. ಇಷ್ಟು ವರ್ಷವಾದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿದ್ದು ಅವತ್ತೇ.

ಹಾಲಿನಲ್ಲಿ ಅವರ ಫೋಟೋ ಇಟ್ಟಿದ್ದರು. ಪಕ್ಕದಲ್ಲಿ ಅವರ ಹಳೆಯ ಆಂಪ್ಲಿಫೈಯರ್. ಫೋಟೋಗೊಂದು ಹಾರ, ಆಂಪ್ಲಿಫೈಯರ್‌ಗೊಂದು ಹಾರ. ಯಾರೋ ಪುಣ್ಯಾತ್ಮರು ಅದಕ್ಕೂ ವಿಭೂತಿ ಹಚ್ಚಿದ್ದರು. ಭಾನುವಾರ ಬರುತ್ತಿದ್ದ ಹಳಬರಲ್ಲಿ ಉಳಿದ ಮೂವರು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಕಿವಿ ಅಂದ್ರೆ ಅವರದು ಕಣ್ರೀ. ಅಂಥ ಕಿವಿ ಇನ್ನು ಹುಟ್ಟಲ್ಲ," ಎಂದರು ಒಬ್ಬರು.

ಇನ್ನೊಬ್ಬರು ಬೋಳುತಲೆಯವರು. ನನ್ನನ್ನು ನೋಡಿ ಪಕ್ಕದವರ ಕಡೆ ಬಾಗಿದರು. ಪಿಸುಗುಟ್ಟಿದ್ದೇನೆ ಎಂದುಕೊಂಡಿದ್ದರು. ವಯಸ್ಸಾದವರ ಪಿಸುಮಾತು ಬೀದಿಗೆ ಕೇಳಿಸುತ್ತದೆ.

"ಇವಳೇ ಅಲ್ವಾ, ಆ ಟೀಚರಮ್ಮನ ಆಂಪ್ಲಿಫೈಯರ್ ಕದ್ಕೊಂಡು ಹೋದವಳು?"

ಹೌದು, ನಾನೇ ಹೊತ್ತುಕೊಂಡು ಹೋದವಳು. ಎಲೆ ಹಾಕಿದ್ದರು, ಕೂತು ಊಟ ಮಾಡಿದೆ, ಕೈ ತೊಳೆದು ಬಂದೆ. ಅಲ್ಲಿ ಜಗಳ ಮಾಡಲಿಲ್ಲ. ಆದರೆ ಸುಮ್ಮನಿದ್ದರೆ ಅದೇ ನಿಜವಾಗಿ ಉಳಿಯುತ್ತದೆ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಆದರೂ ಬರೆಯುತ್ತಿದ್ದೇನೆ. ಸತ್ತಿದ್ದಾರೆ ಎಂದು ನಾನು ಯಾರಿಗೂ ಬಣ್ಣ ಹಚ್ಚುವವಳಲ್ಲ.

ಮೊದಲು ಅವರ ಪೆಟ್ಟಿಗೆಯ ವಿಷಯ. ರೆಕಾರ್ಡಿನಿಂದಲೋ ಕ್ಯಾಸೆಟ್ಟಿನಿಂದಲೋ ಬರುವ ಸಣ್ಣ ದನಿಯನ್ನು ದೊಡ್ಡದು ಮಾಡಿ ಎರಡು ಸ್ಪೀಕರ್‌ಗೆ ಹಂಚುವುದು ಆಂಪ್ಲಿಫೈಯರಿನ ಕೆಲಸ. ಎಡಗಡೆಗೆ ಹೋಗುವುದು ಬೇರೆ, ಬಲಗಡೆಗೆ ಹೋಗುವುದು ಬೇರೆ. ಅದಕ್ಕೇ ಸ್ಟೀರಿಯೋ ಎನ್ನುತ್ತಾರೆ. ಈ ಪೆಟ್ಟಿಗೆ ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಮೂರು ಕಡೆ ಮರ, ಮುಂದುಗಡೆ ಬೆಳ್ಳಿಯ ಬಣ್ಣದ ತಗಡು. ಆ ತಗಡಿನ ಮೇಲೆ ಅಡ್ಡಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ಗೆರೆಗುಂಟವೇ ಒರೆಸಬೇಕು, ಮೇಲೆ ಕೆಳಗೆ ಒರೆಸಿದರೆ ಬೈಗುಳ. ತಿರುಪುವ ಗುಂಡಿಗಳು ತಕ್ಕಡಿಯ ಕಬ್ಬಿಣದ ಬಟ್ಟಿನ ಹಾಗೆ ಭಾರ. ತಿರುಪಿದರೆ ಸುಮ್ಮನೆ ಜಾರುವುದಿಲ್ಲ, ಒಂದೊಂದು ಮೆಟ್ಟಿಲಿಗೂ ನಿಂತು ಮುಂದಕ್ಕೆ ಹೋಗುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಸ್ವಿಚ್ಚು ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ನಾಲ್ಕು ಎಣಿಸುವಷ್ಟರಲ್ಲಿ ಒಳಗೆಲ್ಲೋ ಟಕ್ ಎನ್ನುತ್ತದೆ, ಆಮೇಲೆ ದನಿ. ನಡುವೆ ಎರಡು ಗಾಜಿನ ಕಿಟಕಿ. ದೀಪ ಹತ್ತಿದರೆ ತಿಳಿ ನೀಲಿ. ಒಳಗೆ ಒಂದೊಂದು ಮುಳ್ಳು, ಗಡಿಯಾರದ ಮುಳ್ಳಿನಂಥದ್ದು. ಎಡಗಡೆಯ ಹಾಡಿಗೆ ಎಡದ ಮುಳ್ಳು ಆಡುತ್ತದೆ, ಬಲಗಡೆಯದಕ್ಕೆ ಬಲದ್ದು.

ಪೆಟ್ಟಿಗೆ ಒಳ್ಳೆಯದು. ಅದನ್ನು ಮಾಡಿದವನು ಯಾರೋ, ಕೆಲಸ ಬಲ್ಲವನು. ಈಗಿನ ಪ್ಲಾಸ್ಟಿಕ್ ಡಬ್ಬಗಳನ್ನು ಒರೆಸುವಾಗ ಒರೆಸಿದ್ದೇ ಗೊತ್ತಾಗುವುದಿಲ್ಲ. ಇದನ್ನು ಒರೆಸಿದರೆ ಒಂದು ಸಾಮಾನು ಒರೆಸಿದೆ ಅನ್ನಿಸುತ್ತಿತ್ತು. ಹೇಸಿಗೆ ಇದ್ದದ್ದು ಪೆಟ್ಟಿಗೆಯ ಹೊರಗೆ.

ಯಜಮಾನರಿಗೆ ಆಗ ಅರವತ್ತೆಂಟೋ ಅರವತ್ತೊಂಬತ್ತೋ. ಸರ್ಕಾರಿ ಕಛೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಎತ್ತರ, ನೆಟ್ಟಗಿನ ಬೆನ್ನು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬಾ. ನೋಡಿದವರು ಕೈ ಮುಗಿಯಬೇಕು, ಹಾಗಿದ್ದರು. ಅವರು ಕೂತೆದ್ದ ಜಾಗ ಗುಡಿಸುತ್ತಿದ್ದವಳು ನಾನು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಲಗಿವಿ ಕೆರೆದುಕೊಳ್ಳುತ್ತಿದ್ದರು. ಆ ಎಣ್ಣೆ ಹತ್ತಿಯನ್ನು ಕುರ್ಚಿಯ ಕೆಳಗೇ ಬಿಡುತ್ತಿದ್ದರು. ಪೆಟ್ಟಿಗೆ ಮುಟ್ಟುವ ಮೊದಲು ಎರಡು ಸಲ ಕೈ ತೊಳೆಯುವ ಮನುಷ್ಯ. ಕಾಲಿನ ಉಗುರು ಕತ್ತರಿಸಿ ಸೋಫಾದ ಸಂದಿಗೆ ತುರುಕುತ್ತಿದ್ದರು. ಆರು ವರ್ಷ ಆ ಸಂದಿಯಿಂದ ಬಾಚಿದ್ದೇನೆ.

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅವರ ಸಭೆ. ಐದಾರು ಜನ, ಎಲ್ಲಾ ರಿಟೈರ್ ಆದವರು, ಜಯನಗರದವರು, ಬನಶಂಕರಿಯವರು, ಜೆ.ಪಿ. ನಗರದವರು. ಎಲ್ಲರಿಗೂ ಇದೇ ಹುಚ್ಚು. ಬಂದವರು ಗಡಿಯಾರ, ಬೀಗದ ಕೈ, ಮೊಬೈಲು ಹೊರಗಡೆಯ ತಟ್ಟೆಯಲ್ಲಿ ಹಾಕಿ ಒಳಗೆ ಬರಬೇಕು. ಆ ಎರಡು ಗಂಟೆ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ಮಿಕ್ಸಿ ಹಾಕಿದರೆ ಕರೆಂಟು ಅಲುಗುತ್ತದೆ, ಹಾಡಿನಲ್ಲಿ ಮಣ್ಣು ಬೀಳುತ್ತದೆ ಎನ್ನುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಭಾನುವಾರದ ದೋಸೆಗೆ ಚಟ್ನಿ ಇರಲಿಲ್ಲ, ಚಟ್ನಿಪುಡಿ. ಅವರ ಹೆಂಡತಿ, ನಾನು ಅಮ್ಮ ಎನ್ನುತ್ತಿದ್ದೆ, ಒಂದು ದಿನವೂ ಎದುರಾಡಲಿಲ್ಲ. ನನ್ನ ಕೈಯ ಗಾಜಿನ ಬಳೆ ಕೂಡ ಆ ಎರಡು ಗಂಟೆ ಬಿಚ್ಚಿಡಬೇಕಿತ್ತು.

"ನಿನ್ನ ಬಳೆ ಸದ್ದಿನಲ್ಲಿ ತಂಬೂರಿ ಸತ್ತೋಯ್ತು ಗೌರಮ್ಮ," ಎಂದಿದ್ದರು ಒಮ್ಮೆ.

"ನನ್ನ ಗಂಡ ಸತ್ತಾಗ್ಲೂ ನಾನು ಬಳೆ ಬಿಚ್ಚಿಲ್ಲ ಸಾರ್," ಎಂದೆ.

ಸಭೆಯವರು ನಕ್ಕರು. ಅವರು ನಗಲಿಲ್ಲ. ಬಿಚ್ಚಿಟ್ಟೆ. ಕೆಲಸ ಬೇಕಿತ್ತು.

ನಡುವೆ ಒಂದೇ ಕುರ್ಚಿ, ಅದು ಅವರದು. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದ ಗುರುತು. ಒರೆಸಿದ ಮೇಲೆ ಕುರ್ಚಿ ಆ ಗುರುತಿನ ಮೇಲೇ ಕೂರಬೇಕು. ಉಳಿದವರು ಸೋಫಾದಲ್ಲಿ. "ಕಣ್ಣು ಮುಚ್ಚಿ," ಎನ್ನುತ್ತಿದ್ದರು. ಎಲ್ಲರೂ ಮುಚ್ಚುತ್ತಿದ್ದರು. ಹಾಡು ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಇವರು ಕೈ ಎತ್ತಿ ಎಡಕ್ಕೆ ತೋರಿಸುತ್ತಿದ್ದರು. "ಪಿಟೀಲು ಬಂತು ನೋಡಿ, ಎಡಕ್ಕೆ." ಆಮೇಲೆ ಬಲಕ್ಕೆ. "ಈಗ ಮೃದಂಗ. ಬಲಕ್ಕೆ, ಎರಡಡಿ ಹಿಂದೆ ಕೂತಿದಾನೆ." ಸೋಫಾದವರು ಆಹಾ ಎನ್ನುತ್ತಿದ್ದರು. ಯಾವ ಪೆಟ್ಟಿಗೆ ಒಳ್ಳೆಯದು, ಯಾವುದರ ಒಳಗೆ ರೋಗ, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಚ್ಚಬೇಕು, ಎಲ್ಲದಕ್ಕೂ ಇವರ ತೀರ್ಪು. ಇವರು ಒಮ್ಮೆ ಸತ್ತಿದೆ ಎಂದರೆ ಆ ಪೆಟ್ಟಿಗೆ ಸತ್ತ ಹಾಗೇ. ಆಮೇಲೆ ಅದನ್ನು ಬಿಚ್ಚಿ ಸಭೆಯವರು ಗುಂಡಿ, ದೀಪ, ತಗಡು ಎಂದು ಹಂಚಿಕೊಳ್ಳುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಅಂಗದಾನ. ಹೇಳಿಕೊಂಡು ನಗುತ್ತಿದ್ದರು.

ಒಂದು ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಗೋಡೆಗೆ ಸುಣ್ಣ ಹೊಡೆಸಿ ಸ್ಪೀಕರುಗಳನ್ನು ಸರಿಸಿದ್ದರು. ವಾಪಸ್ ಇಡುವಾಗ ನನ್ನನ್ನು ಕರೆದರು.

"ಗೌರಮ್ಮ, ಬಾ ಇಲ್ಲಿ. ಕುರ್ಚಿ ಮೇಲೆ ಕೂತ್ಕೋ."

"ನಾನಾ ಸಾರ್? ಸೀರೆ ಒದ್ದೆ ಇದೆ."

"ಕೂತ್ಕೋ ಅಂದೆ. ಕಣ್ಣು ಮುಚ್ಚು. ಹಾಡೋ ಅಮ್ಮ ಎಲ್ಲಿ ನಿಂತಿದಾರೆ ಹೇಳು."

ಕಣ್ಣು ಮುಚ್ಚಿದೆ. ನಾಚಿಕೆಯಾಯಿತು. ಆಮೇಲೆ ನಾಚಿಕೆ ಮರೆತುಹೋಯಿತು. ಆ ಹೆಂಗಸು ನನ್ನ ಎದುರಿಗೇ ಕೂತಿದ್ದಳು, ನಾಲ್ಕು ಅಡಿ ದೂರದಲ್ಲಿ. ಹಾಡುವ ಮೊದಲು ಉಸಿರು ಎಳೆದುಕೊಂಡಳು, ಎಂಜಲು ನುಂಗಿದಳು, ಅದೂ ಕೇಳಿಸಿತು. ಯಾರೋ ಅವಳ ಹಿಂದೆ ಚಾಪೆಯ ಮೇಲೆ ಕಾಲು ಸರಿಸಿದರು. ದನಿ ಜೋರಾಗಿರಲಿಲ್ಲ, ಆದರೂ ಎದೆಯ ಮೇಲೆ ಅಂಗೈ ಇಟ್ಟಂತೆ ತಾಗುತ್ತಿತ್ತು. ನಾನು ಕೇಳಿದ್ದ ಹಾಡೆಲ್ಲ ಗಣಪತಿ ಪೆಂಡಾಲಿನ ಮೈಕಿನದು. ಇದು ಬೇರೆ.

"ಸ್ವಲ್ಪ ಎಡಕ್ಕಿದಾರೆ ಸಾರ್," ಎಂದೆ.

ಅವರು ಸ್ಪೀಕರನ್ನು ಬೆರಳಷ್ಟು ಸರಿಸಿದರು. "ಈಗ?"

"ಈಗ ನಡೂಕೆ ಬಂದ್ರು."

"ತಂಬೂರಿ?"

"ಬಲಕ್ಕೆ. ಗೋಡೆ ಹತ್ರ."

ಅರ್ಧ ಗಂಟೆ ಹೀಗೇ ಕೂರಿಸಿದರು. ಕೊನೆಗೆ, "ನಿನಗೆ ಕಿವಿ ಇದೆ," ಎಂದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮುಂದಿನ ಭಾನುವಾರ ಸಭೆಯವರಿಗೆ, "ಸ್ಪೀಕರ್ ಜಾಗಕ್ಕೆ ಕೂರಿಸೋಕೆ ಮೂರು ದಿನ ತಗೊಂಡೆ, ಬೆರಳು ಬೆರಳು ಸರಿಸಿ," ಎಂದು ಹೇಳುತ್ತಿದ್ದರು. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಇನ್ನೊಂದು ಭಾನುವಾರದ್ದು ನೆನೆಸಿಕೊಂಡರೆ ಈಗಲೂ ನಗು, ಈಗಲೂ ಅಸಹ್ಯ. ಪೆಟ್ಟಿಗೆಯ ಮೇಲೆ ಒಂದು ಸಣ್ಣ ಕಡ್ಡಿ ಇತ್ತು. ಮೇಲಕ್ಕಿದ್ದರೆ ಎಡ ಬಲ ಬೇರೆ ಬೇರೆ. ಕೆಳಕ್ಕೆ ಒತ್ತಿದರೆ ಎರಡೂ ಕಲಸಿಕೊಂಡು ಎರಡು ಕಡೆಗೂ ಒಂದೇ ಹೋಗುತ್ತದೆ. ಒಬ್ಬರೇ ಇದ್ದಾಗ ಅವರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಡ್ಡಿಯನ್ನು ಕೆಳಕ್ಕೆ ಒತ್ತಿ ಕೇಳುತ್ತಿದ್ದರು. ಸಭೆಯ ಮೊದಲು ಮೇಲಕ್ಕೆ ಎತ್ತುತ್ತಿದ್ದರು. ಗುಂಡಿ, ಕಡ್ಡಿ ಎಲ್ಲ ಹೇಗಿದೆಯೋ ಹಾಗೇ ಬಿಡಬೇಕೆಂಬ ಕಟ್ಟಪ್ಪಣೆ ಇದ್ದದ್ದರಿಂದ ಯಾವುದು ಎಲ್ಲಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಆ ಭಾನುವಾರ ಎತ್ತುವುದನ್ನು ಮರೆತರು. ಬಂದವರೊಂದಿಗೆ ಮಾತಾಡುತ್ತಾ, ಎಷ್ಟೋ ಸಲ ಹಾಕಿದ್ದ ಹಾಡನ್ನೇ ಹಾಕಿ, ಪೆಟ್ಟಿಗೆಗೆ ಬೆನ್ನು ಹಾಕಿ ನಿಂತರು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಎಲ್ಲಾ ನಡುವೆ ಗುಡ್ಡೆ ಬಿದ್ದಿತ್ತು. ಪಿಟೀಲು, ಮೃದಂಗ, ಹಾಡುವವರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತ ಹಾಗೆ.

"ಎಡಕ್ಕೆ ಪಿಟೀಲು ನೋಡಿ," ಎಂದರು ಇವರು.

"ಆಹಾ, ಕಿಟಕಿ ಹತ್ರ ಕೂತಂಗಿದೆ," ಎಂದರು ಬೋಳುತಲೆಯವರು. "ಹೊಸ ಪೆಟ್ಟಿಗೆಗಳಲ್ಲಿ ಈ ಅಗಲ ಎಲ್ಲಿ ಸಾರ್ ಬರುತ್ತೆ!"

"ಮೃದಂಗ ನನ್ನ ಬಲಗಡೆ ಭುಜದ ಮೇಲೇ ಇದೆ ಕಣ್ರೀ," ಎಂದರು ಇನ್ನೊಬ್ಬರು.

ಅರ್ಧ ಗಂಟೆ ಹೀಗೇ ನಡೆಯಿತು. ಆರು ಜನ ಓದಿದವರು, ಒಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಇವರು ತಿರುಗಿ ಕುರ್ಚಿಯ ಮೇಲೆ ಕೂತರು, ಪೆಟ್ಟಿಗೆಯ ಕಡೆ ನೋಡಿದರು. ಎರಡು ಮುಳ್ಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಮುಖ ಕಪ್ಪಿಟ್ಟಿತು. ಎದ್ದು ಹೋಗಿ ದನಿ ಜಾಸ್ತಿ ಮಾಡುವವರ ಹಾಗೆ ಕೈ ಆಡಿಸಿ ಕಡ್ಡಿ ಎತ್ತಿದರು. ಸೋಫಾದಲ್ಲಿ ಯಾರೂ ಕಣ್ಣು ಬಿಡಲಿಲ್ಲ.

ಅವತ್ತೇ ನನಗೆ ಅರ್ಥವಾದದ್ದು. ಎಲ್ಲರಿಗೂ ಕಣ್ಣು ಮುಚ್ಚಿ ಎನ್ನುವವರು ತಾವು ಮುಚ್ಚುತ್ತಿರಲಿಲ್ಲ. ಅರೆಗಣ್ಣಿನಲ್ಲಿ ಮುಳ್ಳು ನೋಡಿ ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ ಎನ್ನುತ್ತಿದ್ದರು. ಹಿಂದೊಮ್ಮೆ ಬಲಗಡೆ ಕಿಟಕಿಯ ದೀಪ ಹೋಗಿ ಮುಳ್ಳು ಕಾಣದಂತಾದಾಗ ಅಂಥ ದೀಪ ಸಿಗುವವರೆಗೆ ಮೂರು ವಾರ ಸಭೆಯನ್ನೇ ನಿಲ್ಲಿಸಿದ್ದರು. ಅಮ್ಮ ರಸ್ತೆಯಲ್ಲಿ ಯಾವಾಗಲೂ ಅವರ ಎಡಗಡೆಗೇ ನಡೆಯುತ್ತಿದ್ದರು. ನಾನು ಬಲಗಡೆಯಿಂದ ಕೂಗಿದರೆ ಅವರು ತಿರುಗುತ್ತಿರಲಿಲ್ಲ, ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಎಣ್ಣೆ ಹತ್ತಿ ಬಲಗಿವಿಗೇ. ಬಲಗಿವಿ ಕೇಳಿಸುತ್ತಿರಲಿಲ್ಲ ಆ ಮನುಷ್ಯನಿಗೆ.

ಒಂದು ಕಿವಿ ಇಲ್ಲದಿರುವುದು ತಪ್ಪಲ್ಲ. ನನ್ನ ಎಡಗಣ್ಣಿಗೆ ಈಗ ಪೊರೆ. ಯಾರಿಗೂ ಹೇಳದೆ ಇಟ್ಟುಕೊಳ್ಳುವುದೂ ಅವರಿಷ್ಟ. ಬೇರೆಯವರ ಪೆಟ್ಟಿಗೆ ಪರೀಕ್ಷೆ ಮಾಡುವಾಗ ಅವರು ಅದನ್ನು ತಮ್ಮ ಸ್ಪೀಕರಿಗೆ ಸೇರಿಸುತ್ತಿರಲಿಲ್ಲ, ರೋಗ ಅಂಟುತ್ತದೆ ಎನ್ನುತ್ತಿದ್ದರು. ಹೆಡ್‌ಫೋನಿನಲ್ಲೇ ಕೇಳುವುದು. ಮೊದಲು ಸರಿಯಾಗಿ ಹಾಕಿಕೊಂಡು ಕೇಳಿ, ಆಮೇಲೆ ಅದನ್ನೇ ತಿರುವುಮುರುವು ಹಾಕಿಕೊಳ್ಳುತ್ತಿದ್ದರು, ಬಲಗಡೆಯದೂ ಎಡಗಿವಿಗೆ ಬರಲಿ ಎಂದು. ಆದರೆ ಇದನ್ನು ಒಬ್ಬರೇ ಇದ್ದಾಗ ಮಾಡುತ್ತಿದ್ದರು. ಪೆಟ್ಟಿಗೆ ತಂದವರಿಗೆ, "ಎರಡು ದಿನ ಇರಲಿ, ಕೇಳಿ ಹೇಳ್ತೀನಿ," ಎನ್ನುವುದು ವಾಡಿಕೆ. ಹಾಗೆ ನಡೆದುಕೊಂಡು ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ಒಂದು ಭಾನುವಾರ ಹತ್ತು ಗಂಟೆಗೆ ಆಟೋದಲ್ಲಿ ಒಬ್ಬ ಹೆಂಗಸು ಬಂದರು. ನಲವತ್ತೈದರ ಆಸುಪಾಸು, ಉತ್ತರಹಳ್ಳಿ ಕಡೆಯವರು, ಶಾಲೆಯಲ್ಲಿ ಟೀಚರ್. ಬೆಡ್‌ಶೀಟಿನಲ್ಲಿ ಸುತ್ತಿದ ಪೆಟ್ಟಿಗೆ. ಅವರೂ ನಾನೂ ಆಚೀಚೆ ಹಿಡಿದು ಒಳಗೆ ತಂದೆವು. ನಮ್ಮ ಯಜಮಾನರದಕ್ಕಿಂತ ಸಣ್ಣದು, ಅದೇ ಕಾಲದ್ದು. ಮರ ಚೆನ್ನಾಗಿತ್ತು. ಮುಂದುಗಡೆ ಬರೀ ಐದು ಗುಂಡಿ, ಒಂದು ಕೆಂಪು ದೀಪ. ಕಿಟಕಿ ಇರಲಿಲ್ಲ, ಮುಳ್ಳೂ ಇರಲಿಲ್ಲ.

"ನಮ್ಮ ತಂದೇದು ಸಾರ್," ಎಂದರು ಟೀಚರ್. "ಅವರು ಹೋಗಿ ಎರಡು ವರ್ಷ ಆಯ್ತು, ಆಮೇಲೆ ಆನ್ ಮಾಡಿಲ್ಲ. ನಾವು ಅಂಜನಾಪುರಕ್ಕೆ ಸಣ್ಣ ಮನೆಗೆ ಹೋಗ್ತಿದೀವಿ. ಕೆಟ್ಟಿದ್ರೆ ಇಟ್ಕೊಳ್ಳೋಕೆ ಜಾಗ ಇಲ್ಲ. ಸರಿ ಇದ್ರೆ ಮಂಚ ಬಿಟ್ಟಾದ್ರೂ ಇದನ್ನ ತಗೊಂಡೋಗ್ತೀನಿ. ಎಲ್ಲರೂ ನಿಮ್ಮನ್ನೇ ಕೇಳು ಅಂದ್ರು."

"ಬಿಟ್ಟು ಹೋಗಮ್ಮ, ಎರಡು ದಿನ ಬಿಟ್ಟು ಹೇಳ್ತೀನಿ," ಎಂದರು ಇವರು.

"ನಾಳಿದ್ದೇ ಮನೆ ಖಾಲಿ ಮಾಡ್ಬೇಕು ಸಾರ್. ಈಗ್ಲೇ ಒಂದು ಸಲ ನೋಡಿ ಹೇಳಿದ್ರೆ..."

"ಹೇಳಿ ಸಾರ್, ನಿಮಗೆ ಎಷ್ಟೊತ್ತಿನ ಕೆಲಸ?" ಎಂದರು ಬೋಳುತಲೆಯವರು. "ನಾವೂ ನೋಡೋಣ, ಡಾಕ್ಟರು ನಾಡಿ ಹಿಡಿಯೋದನ್ನ."

ಎಲ್ಲರೂ ಮುಂದಕ್ಕೆ ಬಾಗಿ ಕೂತರು. ಇವರು ಜುಬ್ಬಾದ ತೋಳು ಮಡಿಚಿದರು. ಆಮೇಲೆ ಕ್ಯಾಸೆಟ್ ಪ್ಲೇಯರಿನ ವೈರು ಸೇರಿಸಿ, ಹೆಡ್‌ಫೋನು ಸಿಕ್ಕಿಸಿ ಹಾಕಿಕೊಂಡರು. ಎಲ್ಲರ ಎದುರಿಗೆ ತಿರುವಿ ಹಾಕಿಕೊಳ್ಳುವಂತಿರಲಿಲ್ಲ. ದನಿಯನ್ನು ಒಂದೇ ಕಡೆಗೆ ಕಳಿಸುವ ಗುಂಡಿಯನ್ನು ಎಡಕ್ಕೆ ತಿರುಪಿದರು, ತಲೆಯಾಡಿಸಿದರು. ಬಲಕ್ಕೆ ತಿರುಪಿದರು, ಹುಬ್ಬು ಗಂಟಿಕ್ಕಿದರು. ಅವರ ಬಲಗಿವಿಗೆ ಏನೂ ಕೇಳಿಸುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ತಿಳಿಯಲಿಲ್ಲ ಎನ್ನಬಹುದಿತ್ತು. ನಾಳೆ ಬನ್ನಿ ಎನ್ನಬಹುದಿತ್ತು. ಆರು ಜನ ಬಾಯಿ ತೆರೆದು ಕಾಯುತ್ತಿದ್ದರು.

"ಬಲಗಡೆ ಸತ್ತಿದೆ," ಎಂದರು.

"ರಿಪೇರಿ ಆಗಲ್ವಾ ಸಾರ್?"

"ಇದರ ಪಾರ್ಟ್ಸ್ ಈಗ ಎಲ್ಲೂ ಸಿಗಲ್ಲಮ್ಮ. ಒಳಗೆ ಸುಟ್ಟೋಗಿದೆ. ವಾಸನೆನೇ ಹೇಳುತ್ತೆ."

ಬೋಳುತಲೆಯವರು ಮೂಗೆಳೆದು ಹೌದು ಹೌದು ಎಂದರು. ಅಡಿಗೆಮನೆಯಲ್ಲಿ ಚಟ್ನಿಪುಡಿಯ ಒಗ್ಗರಣೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

ಟೀಚರ್ ಅಳಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಸಲ ಕೈಯಾಡಿಸಿ, ಬೆಡ್‌ಶೀಟು ಮಡಿಚಿ ಬ್ಯಾಗಿಗೆ ಹಾಕಿಕೊಂಡರು. "ಹಂಗಾದ್ರೆ ಇಲ್ಲೇ ಇರ್ಲಿ ಸಾರ್. ನಿಮಗೆ ಯಾರಿಗಾದ್ರೂ ಉಪಯೋಗ ಆದ್ರೆ..." ಎಂದರು. ಅಮ್ಮನ ಕೈಗೆ ವಿಳಾಸದ ಚೀಟಿ ಕೊಟ್ಟು ಹೋದರು. ಅವರು ಗೇಟು ದಾಟುವುದರೊಳಗೆ ಇಲ್ಲಿ ಪಾಲು ಶುರುವಾಗಿತ್ತು. ಗುಂಡಿ ನನಗೆ, ಮರ ನನಗೆ. ರಿಪೇರಿಯವನನ್ನು ಮರುದಿನ ಹತ್ತು ಗಂಟೆಗೆ ಬರಹೇಳಿ, ಎಲ್ಲರೂ ಸೇರಿ ಬಿಚ್ಚಿಸುವುದೆಂದು ತೀರ್ಮಾನವಾಯಿತು.

ಹನ್ನೊಂದಕ್ಕೆ ಸಭೆ ಮುಗಿಯಿತು. ಯಜಮಾನರು ಅವರನ್ನು ಬಿಡಲು ರಸ್ತೆಯವರೆಗೆ ಹೋದರು. ನಾನು ಕಸಬರಿಗೆ ಗೋಡೆಗೊರಗಿಸಿ ಕೈ ಒರೆಸಿಕೊಂಡು ಹೆಡ್‌ಫೋನು ಹಾಕಿಕೊಂಡೆ. ಎಡಗಿವಿಯದನ್ನು ಎತ್ತಿ ತಲೆಯ ಮೇಲೆ ಸರಿಸಿದೆ, ಬಲಗಿವಿಯದೊಂದನ್ನೇ ಒತ್ತಿ ಹಿಡಿದೆ. ಕ್ಯಾಸೆಟ್ಟು ಇನ್ನೂ ಅದರಲ್ಲೇ ಇತ್ತು. ಹಾಕಿದೆ. ಮೃದಂಗ ಬಂತು. ಚೊಕ್ಕವಾಗಿ, ಬೆರಳು ಬೇರೆ, ಅಂಗೈ ಬೇರೆ ಎಂದು ಗೊತ್ತಾಗುವ ಹಾಗೆ. ಎರಡು ವರ್ಷ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆ, ಒಂದು ಕರಕರ ಸದ್ದೂ ಇರಲಿಲ್ಲ.

ಅವರು ಒಳಗೆ ಬಂದರು. ನಾನು ಎಡಗಡೆಗೆ ಹೋಗಿ ನಿಂತು ಹೇಳಿದೆ.

"ಸಾರ್, ಬಲಗಡೆ ಸತ್ತಿಲ್ಲ. ನಾನು ಕೇಳ್ದೆ."

"ಯಾರು ಮುಟ್ಟು ಅಂದಿದ್ದು ನಿನಗೆ?"

"ಮುಟ್ದೆ, ತಪ್ಪಾಯ್ತು. ಆದ್ರೆ ಮೃದಂಗ ಬಂತು."

"ಎಡಗಡೇದು ಸೋರಿ ಬರುತ್ತೆ. ನಿನಗೆ ಗೊತ್ತಾಗಲ್ಲ."

"ಎಡಗಡೇದು ತೆಗೆದು ತಲೆ ಮೇಲೆ ಇಟ್ಕೊಂಡಿದ್ದೆ ಸಾರ್. ನಿಮ್ ಥರ ನಂಗೇನು ಒಂದೇ ಕಿವಿನಾ?"

ಬಾಯಿಂದ ಬಂದುಬಿಟ್ಟಿತು. ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. ಕುರ್ಚಿಯ ಮೇಲೆ ಕೂತರು.

"ಇನ್ಯಾರಿಗೆ ಹೇಳಿದ್ಯಾ?"

"ಯಾರಿಗೂ ಇಲ್ಲ. ಹೇಳೋದೂ ಇಲ್ಲ. ಆಯಮ್ಮಂಗೆ ಫೋನ್ ಮಾಡಿ ರಿಪೇರಿ ಆಯ್ತು ಅಂದ್ಬಿಡಿ. ನಿಮ್ ಮಾತೂ ಉಳಿಯುತ್ತೆ, ಅವರ ಪೆಟ್ಗೆನೂ ಉಳಿಯುತ್ತೆ."

"ಪಾರ್ಟ್ಸೇ ಸಿಗಲ್ಲ ಅಂತ ಎಲ್ಲರ ಮುಂದೆ ಹೇಳಿದೀನಿ. ನಾಳೆ ಅವರೆಲ್ಲ ಬರ್ತಾರೆ. ರಿಪೇರಿಯವನು ಬಿಚ್ಚಿದ್ರೆ ಸುಟ್ಟಿಲ್ಲ ಅಂತ ಗೊತ್ತಾಗುತ್ತೆ."

"ಗೊತ್ತಾದ್ರೆ ಏನಾಗುತ್ತೆ ಸಾರ್? ಒಂದು ತಪ್ಪು ಹೇಳಿದ್ರಿ ಅಂತಾರೆ, ಅಷ್ಟೇ."

"ನಿನಗೆ ಅರ್ಥ ಆಗಲ್ಲ," ಎಂದರು. "ಹೋಗು, ಕಪ್ಪು ತೊಳಿ."

ಹೋದೆ. ನಾಲ್ಕನೇ ಕಪ್ಪು ತೊಳೆಯುವಾಗ ವಾಸನೆ ಬಂತು. ಸೀಸ ಕಾಯುವ ವಾಸನೆ. ಬಂದು ನೋಡಿದರೆ ಊಟದ ಮೇಜಿನ ಮೇಲೆ ಟೀಚರಮ್ಮನ ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟಿದ್ದರು. ಅದರ ಒಳಗನ್ನು ನಾನು ಮೊದಲ ಸಲ ನೋಡಿದ್ದು ಆಗ. ಹೊರಗೆ ಎಷ್ಟು ಚೆನ್ನಾಗಿತ್ತೋ ಒಳಗೂ ಅಷ್ಟೇ. ವೈರುಗಳನ್ನೆಲ್ಲ ಜೋಡಿಸಿ ಮೇಣದ ದಾರದಲ್ಲಿ ಹೂ ಕಟ್ಟಿದ ಹಾಗೆ ಕಟ್ಟಿದ್ದರು, ಒಂದೂ ಅಡ್ಡಾದಿಡ್ಡಿ ಇಲ್ಲ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಅಚ್ಚುಕಟ್ಟು. ಇವರು ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದು ಬಲಗಡೆಯ ಒಂದು ಕೆಂಪು ವೈರಿನ ಬುಡಕ್ಕೆ ಇಟ್ಟಿದ್ದರು. ಹೊಗೆ ಬಂತು. ವೈರು ಕಳಚಿಕೊಂಡು ಮೇಲೆದ್ದಿತು. ಸುತ್ತಲ ಜಾಗ ಕಪ್ಪಾಗುವವರೆಗೆ ಕಡ್ಡಿಯನ್ನು ಅಲ್ಲೇ ಒತ್ತಿ ಹಿಡಿದರು. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರಿತ್ತು.

ಕಡ್ಡಿ ಕೆಳಗಿಟ್ಟು ಹೆಡ್‌ಫೋನನ್ನು ನನ್ನ ಕಡೆ ಚಾಚಿದರು.

"ಈಗ ಹಾಕ್ಕೊಂಡು ನೋಡು. ಬಲಗಡೆ ಕೇಳುತ್ತಾ?"

ನಾನು ತೆಗೆದುಕೊಳ್ಳಲಿಲ್ಲ.

"ನಾನು ಹೇಳಿದ್ದು ಸರಿ ತಾನೆ?" ಎಂದರು. ನಿಜವಾಗಿಯೂ ಕೇಳುತ್ತಿದ್ದರು. ನಾನು ಹೂಂ ಎನ್ನಬೇಕಿತ್ತು ಅವರಿಗೆ.

"ಥೂ," ಎಂದೆ.

ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಎಲ್ಲಾ ನೋಡಿದ್ದರು. ನಾನು ಒಳಗೆ ಹೋದಾಗ ಸಣ್ಣ ದನಿಯಲ್ಲಿ ಹೇಳಿದರು.

"ಎಂಟು ವರ್ಷದವರಿದ್ದಾಗ ಮಂಗನಬಾವು ಬಂದಿತ್ತಂತೆ ಗೌರಮ್ಮ. ಆಗಿಂದ ಆ ಕಿವಿ ಇಲ್ಲ. ಮದುವೆ ಆದ್ಮೇಲೆ ನನಗೆ ಗೊತ್ತಾಗಿದ್ದು. ಯಾರ ಹತ್ರಾನೂ ಹೇಳ್ಬೇಡ ಅಂತ ದೇವರ ಮುಂದೆ ಆಣೆ ಹಾಕಿಸ್ಕೊಂಡಿದ್ರು."

ಎಂಟನೇ ವಯಸ್ಸಿನಿಂದ! ಅಂದರೆ ಆ ಮನುಷ್ಯ ಪೆಟ್ಟಿಗೆ ಕೊಂಡ ದಿನದಿಂದ ಎಡ ಬಲ ಬೇರೆಯಾಗಿ ಒಂದು ಹಾಡನ್ನೂ ಕೇಳಿರಲಿಲ್ಲ. ನಾನು ಒದ್ದೆ ಸೀರೆಯಲ್ಲಿ ಕೂತು ಅರ್ಧ ಗಂಟೆ ಕೇಳಿದ್ದನ್ನು ಆ ಕುರ್ಚಿಯಲ್ಲಿ ನಲವತ್ತು ವರ್ಷ ಕೂತ ಅವರು ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದೆ. ಪಾಪ ಎನ್ನಲು ಹೋದರೆ ಮೂಗಿಗೆ ಆ ಹೊಗೆ ಬರುತ್ತದೆ. ಇವತ್ತಿಗೂ ಬರುತ್ತದೆ.

"ಅವರ ಆಣೆ ನೀವು ಇಟ್ಕೊಳಿ ಅಮ್ಮ," ಎಂದೆ. "ಆ ಟೀಚರಮ್ಮ ಕೊಟ್ಟ ಚೀಟಿ ಎಲ್ಲಿ?"

ಅವರು ಒಲೆಯ ಕಡೆ ತಿರುಗಿದರು. ನಾನು ಕಪ್ಪುಗಳನ್ನು ಬೋರಲು ಹಾಕಿ, ಬಳೆ ಹಾಕಿಕೊಂಡು ಜರಗನಹಳ್ಳಿಗೆ ಹೋದೆ, ನನ್ನ ಮನೆಗೆ.

ಮರುದಿನ ಬೆಳಿಗ್ಗೆ ಆರೂವರೆಗೆ ಬಂದೆ. ಅದು ಅವರ ಲಿಂಗಪೂಜೆಯ ಹೊತ್ತು, ಅರ್ಧ ಗಂಟೆ ಅಲ್ಲಾಡುವುದಿಲ್ಲ. ಆಟೋವನ್ನು ಗೇಟಿನ ಹತ್ತಿರವೇ ನಿಲ್ಲಿಸಿದೆ. ಪೆಟ್ಟಿಗೆಗೆ ಮುಚ್ಚಳ ಹಾಕಿ ಮೇಜಿನ ಮೇಲೇ ಇಟ್ಟಿದ್ದರು. ಎತ್ತಿ ಸೊಂಟಕ್ಕೆ ಒರಗಿಸಿಕೊಂಡೆ. ಅರ್ಧ ಮೂಟೆ ಅಕ್ಕಿಯಷ್ಟು ಭಾರ. ಅಮ್ಮ ಅಡಿಗೆಮನೆಯಿಂದ ಬಂದರು. ಚೀಟಿಯನ್ನು ನನ್ನ ಸೆರಗಿಗೆ ಸಿಕ್ಕಿಸಿದರು, ಗೇಟು ಹಿಡಿದು ನಿಂತರು. ಆಟೋದವನು, "ಏನಜ್ಜಿ, ಟೀವಿನಾ?" ಎಂದ. "ನಿನ್ ಕೆಲಸ ನೋಡು, ರಸ್ತೆ ಗುಂಡಿ ತಪ್ಪಿಸಿ ಓಡ್ಸು," ಎಂದೆ.

ಉತ್ತರಹಳ್ಳಿಯಲ್ಲಿ ಟೀಚರಮ್ಮ ಬಾಗಿಲು ತೆಗೆದರು, ಬಾಯಲ್ಲಿ ಬ್ರಷ್ಷು. ಹಿಂದೆ ಮನೆಯೆಲ್ಲ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆ. ನನ್ನನ್ನು ನೋಡಿ, ಹೊತ್ತದ್ದನ್ನು ನೋಡಿ, ಬ್ರಷ್ಷು ತೆಗೆದರು.

"ಏನಾಯ್ತು?"

"ನಿನ್ನೆ ನೀವು ಬಂದಾಗ ಇದು ಎರಡು ಕಡೆನೂ ಹಾಡ್ತಿತ್ತು. ನೀವು ಹೋದ್ಮೇಲೆ ನಮ್ ಸಾರ್ ಒಂದು ವೈರು ಸುಟ್ಟಿದಾರೆ. ಬಲಗಡೆ, ಕೆಂಪು ವೈರು, ಅದೊಂದೇ. ಯಾರಾದ್ರೂ ರೇಡಿಯೋ ರಿಪೇರಿಯವನ ಹತ್ರ ಬೆಸುಗೆ ಹಾಕ್ಸಿ, ಸರಿ ಹೋಗುತ್ತೆ."

"ಸುಟ್ರಾ? ಯಾಕೆ?"

"ಹೇಳ್ತೀನಿ, ಮೊದ್ಲು ಈ ಕಡೆ ಹಿಡ್ಕೊಳಿ. ಕೈ ಬಿದ್ದೋಗ್ತಿದೆ."

ಇಬ್ಬರೂ ಹಿಡಿದು ಒಳಗೆ ತಂದು ಮಂಚದ ಮೇಲೆ ಇಟ್ಟೆವು. ಅವರು ಕಾಫಿ ಮಾಡಿದರು. ಕುಡಿಯುತ್ತಾ ಎಲ್ಲ ಹೇಳಿದೆ, ಕಿವಿಯ ವಿಷಯ, ಮುಳ್ಳಿನ ವಿಷಯ, ಹೊಗೆಯ ವಿಷಯ, ಒಂದೂ ಬಿಡದೆ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ನಿಮ್ಮ ಕೆಲಸ?" ಎಂದರು ಕೊನೆಗೆ.

"ಅದು ಹೋಯ್ತು ಅಂತ್ಲೇ ಲೆಕ್ಕ," ಎಂದೆ. ಲೋಟ ತೊಳೆದಿಟ್ಟೆ. ಅಂಜನಾಪುರದಲ್ಲಿ ಅವರ ಹೊಸ ಮನೆಗೆ ಪಾತ್ರೆ ತಿಕ್ಕಲು ಯಾರಾದರೂ ಗೊತ್ತಾಗಿದ್ದಾರಾ ಎಂದು ಕೇಳಿದೆ.